ಅಡುಗೆಮನೆಗೆ ಕಾರ್ಕ್ ನೆಲ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಅಡುಗೆಮನೆಯ ಗಟ್ಟಿ ನೆಲದ ಮೇಲೆ ನಿಂತು ನಿಂತು ಹಿಮ್ಮಡಿ, ಮಂಡಿ ನೋಯುತ್ತವೆ. ಕಾರ್ಕ್ ಹಾಕಿಸುವ ಯೋಚನೆಯಿದೆ. ನೀರು ಬೀಳುವ ಜಾಗಕ್ಕೆ ಅದು ಆಗಿಬರುತ್ತದೆಯೇ? ಅಂಟಿಸುವ ಟೈಲ್ ಒಳ್ಳೆಯದೋ, ಒಂದಕ್ಕೊಂದು ಸಿಕ್ಕಿಸುವ ಕ್ಲಿಕ್ ಹಲಗೆಯೋ?

ಉತ್ತರ: ಆಗಿಬರುತ್ತದೆ. ಆದರೆ ಅಡುಗೆಮನೆಗೆ ಅಂಟಿಸುವ ಟೈಲನ್ನೇ ಆರಿಸಿ. ಕಾರ್ಕ್ ಎಂದರೆ ಪೋರ್ಚುಗಲ್, ಸ್ಪೇನ್ ಕಡೆ ಬೆಳೆಯುವ ಒಂದು ಜಾತಿಯ ಓಕ್ ಮರದ ತೊಗಟೆ. ಮರ ಕಡಿಯದೆ ಸುಮಾರು 9 ವರ್ಷಕ್ಕೊಮ್ಮೆ ತೊಗಟೆ ಸುಲಿಯುತ್ತಾರೆ. ಬಾಟಲಿ ಬಿರಡೆ ಮಾಡಿ ಉಳಿದದ್ದನ್ನು ಪುಡಿ ಮಾಡಿ, ಅಂಟು ಬೆರೆಸಿ ಒತ್ತಿದರೆ ನೆಲದ ಟೈಲ್. ಇದರ ಪುಟ್ಟ ಪುಟ್ಟ ಕೋಶಗಳ ತುಂಬ ಗಾಳಿ, ಕೋಶದ ಗೋಡೆಯಲ್ಲಿ ಮೇಣದಂಥ ಸುಬೆರಿನ್. ಹಾಗಾಗಿಯೇ ಕಾಲಿಗೆ ಮೆತ್ತಗೆ, ಮೇಲೆ ಚೆಲ್ಲಿದ ನೀರನ್ನೂ ಬೇಗ ಹೀರುವುದಿಲ್ಲ.

ನೀರು ಕೆಡಿಸುವುದು ಸಂದಿನ ಮೂಲಕ. ಕ್ಲಿಕ್ ಹಲಗೆಯಲ್ಲಿ ಮೇಲೆ ಕಾರ್ಕ್ ಇರುವುದು ಸುಮಾರು 3 ಮಿ.ಮೀ. ಮಾತ್ರ; ಅದರ ಕೆಳಗೆ ಸಾಮಾನ್ಯವಾಗಿ ಮರದ ನಾರು ಒತ್ತಿ ಮಾಡಿದ ಎಚ್‌ಡಿಎಫ್ ಇರುತ್ತದೆ. ಸಂದಿಗೆ ಇಳಿದ ನೀರನ್ನು ಅದು ಹೀರಿ ಉಬ್ಬಿತೆಂದರೆ ಒಣಗಿದ ಮೇಲೂ ಮೊದಲಿನಂತೆ ಆಗುವುದಿಲ್ಲ. ಜೊತೆಗೆ ಅದು ತೇಲುವ ನೆಲ, ಅಂದರೆ ಕೆಳಗೆ ಅಂಟಿಸದೆ ಹಾಸುವಂಥದ್ದು. ಗೋಡೆಯ ಸುತ್ತ 10 ಮಿ.ಮೀ.ಯಷ್ಟು ಜಾಗ ಬಿಡಬೇಕು, ಭಾರದ ಬೀರುಗಳನ್ನು ಅದರ ಮೇಲೆ ಕೂರಿಸಬಾರದು. ಅಂಟಿಸುವ ಟೈಲ್ 4ರಿಂದ 6 ಮಿ.ಮೀ. ದಪ್ಪ, ಅಡಿಯವರೆಗೂ ಕಾರ್ಕೇ. ಕೊಳ್ಳುವಾಗ ತುಂಡಿನ ಅಂಚು ನೋಡಿ: ಮೇಲಿನ ಚಿತ್ತಾರ ಕಾಗದದಷ್ಟು ತೆಳುವಾದ ಪದರವಾಗಿದ್ದರೆ ಮುಂದೆ ಉಜ್ಜಿ ಹೊಸದು ಮಾಡಲಾಗದು. ಬಣ್ಣ ಅಡಿಯವರೆಗೂ ಒಂದೇ ಇರುವುದು ಲೇಸು.

ಪ್ರಶ್ನೆ: ಹಳೆಯ ಸೆರಾಮಿಕ್ ಟೈಲ್ಸ್ ಕೀಳದೆ ಅದರ ಮೇಲೆಯೇ ಕಾರ್ಕ್ ಅಂಟಿಸಬಹುದೇ? ಕೆಲಸದ ಕ್ರಮ ತಿಳಿಸಿ.

ಉತ್ತರ: ಹಳೆಯ ಟೈಲ್ಸ್ ಅಲುಗಾಡದೆ ಗಟ್ಟಿಯಾಗಿದ್ದರೆ ಅಂಟಿಸಬಹುದು, ನೇರವಾಗಿ ಮಾತ್ರ ಬೇಡ. ಕಾರ್ಕ್ ಕೆಳಗಿನ ಪ್ರತಿ ಗೆರೆಯನ್ನೂ ಮೇಲೆ ಮೂಡಿಸುತ್ತದೆ. ಟೈಲ್ಸಿನ ಜಿಡ್ಡು ತೊಳೆದು, ಹೊಳಪು ಹೋಗುವಂತೆ ಉಜ್ಜಿ, ಪ್ರೈಮರ್ ಹಚ್ಚಿ, ಮಟ್ಟ ಮಾಡುವ ಸಿಮೆಂಟ್ ಮಿಶ್ರಣ ಹರಡಿಸಿ ಸಂದುಗಳನ್ನು ಮುಚ್ಚಿ. 2 ಮೀಟರ್ ಉದ್ದದ ನೇರ ಪಟ್ಟಿ ಇಟ್ಟು ನೋಡಿದರೆ ಎಲ್ಲೂ 3 ಮಿ.ಮೀ.ಗಿಂತ ಹೆಚ್ಚು ತಗ್ಗು ಕಾಣಬಾರದು.

ಕಾಂಕ್ರೀಟ್ ನೆಲವಾದರೆ ಪಸೆ ನೋಡದೆ ಮುಂದುವರಿಯಬೇಡಿ. ಒಂದು ಮೀಟರ್ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ನೆಲಕ್ಕೆ ಅಂಟಿಸಿ 2–3 ದಿನ ಬಿಡಿ. ಅಡಿಯಲ್ಲಿ ಹನಿಗಟ್ಟಿದರೆ, ಕಾಂಕ್ರೀಟ್ ಕಪ್ಪಾಗಿದ್ದರೆ ಕೆಲಸ ನಿಲ್ಲಿಸಿ. ಕೆಳಗಿನಿಂದ ಬರುವ ಪಸೆ ಅಂಟನ್ನು ಸಡಿಲಿಸುತ್ತದೆ.

ಟೈಲ್‌ಗಳನ್ನು 10 ಪ್ರತಿಶತ ಹೆಚ್ಚು ತನ್ನಿ. ಪೆಟ್ಟಿಗೆ ತೆರೆದು ಅದೇ ಕೋಣೆಯಲ್ಲಿ 2–3 ದಿನ ಇಡಿ. ಅಲ್ಲಿನ ಗಾಳಿಯ ತೇವಕ್ಕೆ ಅವು ಹೊಂದಿಕೊಂಡ ಮೇಲೆಯೇ ಅಂಟಿಸಬೇಕು, ಇಲ್ಲವಾದರೆ ಆಮೇಲೆ ಕುಗ್ಗಿ ಸಂದು ಬಿಡುತ್ತವೆ. ಒಂದೊಂದು ಪೆಟ್ಟಿಗೆಯ ಬಣ್ಣವೂ ತುಸು ಬೇರೆಯಿರುವುದರಿಂದ ಎಲ್ಲವನ್ನೂ ಬೆರೆಸಿ ಜೋಡಿಸಿ. ಕೋಣೆಯ ಮಧ್ಯಕ್ಕೆ ಅಡ್ಡ, ಉದ್ದ ಗೆರೆ ಎಳೆದು ಅಂಟಿಲ್ಲದೆ ಒಮ್ಮೆ ಹಾಸಿ ನೋಡಿ.

ನೀರು ಆಧಾರಿತ (ವಾಟರ್-ಬೇಸ್ಡ್) ಕಾಂಟ್ಯಾಕ್ಟ್ ಅಂಟನ್ನು ನೆಲಕ್ಕೂ ಟೈಲಿನ ಬೆನ್ನಿಗೂ ತೆಳುವಾಗಿ ಹಚ್ಚಬೇಕು. ಹಾಲಿನಂತಿದ್ದ ಅಂಟು ಪಾರದರ್ಶಕವಾಗಿ, ಬೆರಳಿಟ್ಟರೆ ಜಿಗುಟಾಗಿದ್ದರೂ ಕೈಗೆ ಮೆತ್ತದಂತಾದಾಗ ಹದ ಬಂದಂತೆ. ಬಿಳಿಯಿರುವಾಗಲೇ ಕೂರಿಸಿದರೆ ಅಂಟಿನ ತೇವ ಅಡಿಯಲ್ಲೇ ಸಿಕ್ಕಿಕೊಂಡು ಅಂಚು ಏಳುತ್ತದೆ. ಟೈಲ್ ತಾಗಿದ ಕೂಡಲೇ ಹಿಡಿಯುತ್ತದೆ, ಜರುಗಿಸಲು ಬರುವುದಿಲ್ಲ. ಆದ್ದರಿಂದ ಒಂದು ಅಂಚನ್ನು ಗೆರೆಗೆ ಹೊಂದಿಸಿ ಹಿಡಿದು, ಉಳಿದದ್ದನ್ನು ನಿಧಾನವಾಗಿ ಇಳಿಸಿ. ಅಂಚುಗಳಿಗೆ ರಬ್ಬರ್ ಸುತ್ತಿಗೆಯಿಂದ ತಟ್ಟಿ, ಕೊನೆಗೆ 45 ಕಿಲೋದ ರೋಲರ್ ಎರಡೂ ದಿಕ್ಕಿನಲ್ಲಿ ಉರುಳಿಸಿ.

ಇಷ್ಟಕ್ಕೆ ಕೆಲಸ ಮುಗಿಯಿತೆಂದು ಬಿಡುವವರೇ ಹೆಚ್ಚು. ಕಾರ್ಖಾನೆಯಲ್ಲೇ ವಾರ್ನಿಷ್ ಆಗಿ ಬಂದ ಟೈಲಿಗೂ ಮೇಲ್ಮೈಯಲ್ಲಷ್ಟೇ ರಕ್ಷಣೆ, ಸಂದುಗಳು ಬರಿದು. ಒಂದು ದಿನ ಬಿಟ್ಟು 220 ಗ್ರಿಟ್‌ನ ನಯವಾದ ಉಪ್ಪುಕಾಗದದಿಂದ ಹಗುರವಾಗಿ ಉಜ್ಜಿ, ಧೂಳು ಒರೆಸಿ, ನೀರು ಆಧಾರಿತ ಪಾಲಿಯುರಿಥೇನ್ ವಾರ್ನಿಷ್ ಎರಡು ಕೋಟ್ ಕೊಡಿ. ಬರಿ ಟೈಲ್ ಆದರೆ ಮೂರು, ನಾಲ್ಕು ಕೋಟ್ ಬೇಕು. ಕೆಲವು ಕಾರ್ಖಾನೆ ಲೇಪನಗಳ ಮೇಲೆ ಹೊಸದು ಹಿಡಿಯುವುದಿಲ್ಲ. ಮೊದಲು ಒಂದು ತುಂಡಿಗೆ ಹಚ್ಚಿ, ಚೆನ್ನಾಗಿ ಒಣಗಿದ ಮೇಲೆ ಬ್ಲೇಡಿನಿಂದ ಗೀರಿ, ಟೇಪ್ ಅಂಟಿಸಿ ಕಿತ್ತು ನೋಡಿ. ಪದರ ಎದ್ದು ಬಂದರೆ ಆ ಜೋಡಿ ಬೇಡ.

ಪ್ರಶ್ನೆ: ಸಿಂಕಿನ ಮುಂದೆ ಒಂದು ಟೈಲ್ ಕಪ್ಪಾಗಿ ಅಂಚು ಎದ್ದಿದೆ. ಇಡೀ ನೆಲ ಕೀಳಿಸಬೇಕೇ?

ಉತ್ತರ: ಬೇಡ. ಮೊದಲು ಸಿಂಕಿನ ಕೆಳಗಿನ ಪೈಪ್ ಒಸರುತ್ತಿದೆಯೇ ನೋಡಿ. ಅದು ಸರಿಯಾಗದೆ ಹೊಸ ಟೈಲ್ ಹಾಕಿದರೆ ಅದೂ ಹಾಗೆಯೇ ಆಗುತ್ತದೆ. ಒಸರಿಲ್ಲದಿದ್ದರೆ ವಾರ್ನಿಷ್ ಸವೆದಿರಬಹುದು. ಸಿಂಕ್, ಒಲೆಗಳ ಮುಂದೆ ಅದು ಬೇಗ ಸವೆಯುತ್ತದೆ. ಅಲ್ಲಿ ಹನಿ ನೀರು ಬಿಟ್ಟು 5 ನಿಮಿಷ ಕಾಯಿರಿ: ಹನಿ ಉಂಡೆಯಾಗಿಯೇ ನಿಂತರೆ ಲೇಪನ ಸರಿಯಿದೆ, ಕೆಳಗೆ ಕಲೆ ಕಪ್ಪಾದರೆ ಹೋಗಿದೆ.

ಹಾಳಾದ ಟೈಲನ್ನು ನಡುವಿನಿಂದ ಉಳಿಯಲ್ಲಿ ಕೊರೆದು ಅಂಚಿನತ್ತ ಬನ್ನಿ. ಅಂಚಿನಿಂದ ಮೀಟಿದರೆ ಪಕ್ಕದ್ದೂ ಸೀಳುತ್ತದೆ. ಹೇರ್ ಡ್ರೈಯರ್ ಬಿಸಿಗೆ ಅಂಟು ಮೆತ್ತಗಾಗುತ್ತದೆ. ಅಡಿಯ ನೆಲ ಪೂರ್ತಿ ಒಣಗಿದ ಮೇಲೆ ಹೊಸದನ್ನು ಅಂಟಿಸಿ, ಸುತ್ತಲಿನ ಸಂದುಗಳ ಮೇಲೂ ಲೇಪನ ಕೊಡಿ. ಬೆಳಕಿಗೆ ಕಾರ್ಕಿನ ಬಣ್ಣ ಬದಲಾಗುವುದರಿಂದ ಹೊಸ ಟೈಲ್ ಎದ್ದು ಕಾಣುತ್ತದೆ. ಉಳಿಕೆ ಟೈಲ್‌ಗಳನ್ನು ಪೆಟ್ಟಿಗೆಯಲ್ಲಿ ಮುಚ್ಚಿಡದೆ ಕಿಟಕಿಯ ಬೆಳಕಿಗೆ ಇಟ್ಟಿದ್ದರೆ ಈ ಹೊತ್ತಿಗೆ ಉಪಯೋಗ.

ಚಾಕು ಬಿದ್ದು ಆದ ಸಣ್ಣ ಗಾಯಕ್ಕೆ ಟೈಲ್ ಬದಲಿಸಬೇಕಿಲ್ಲ. ಉಳಿಕೆ ತುಂಡನ್ನು ಉಜ್ಜಿ ಪುಡಿ ಮಾಡಿ, ವಾರ್ನಿಷ್‌ನಲ್ಲಿ ಕಲಸಿ ತುಂಬಿ, ಒಣಗಿದ ಮೇಲೆ ಸಮ ಮಾಡಿ.

ಪ್ರಶ್ನೆ: ಫ್ರಿಜ್ಜಿನ ಕಾಲು ನೆಲದಲ್ಲಿ ಕುಸಿದಿದೆ. ರಬ್ಬರ್ ಮ್ಯಾಟ್ ತೆಗೆದರೆ ಅದರ ಅಡಿ ಹಳದಿ ಕಲೆ. ಹೋಗುತ್ತದೆಯೇ?

ಉತ್ತರ: ಕುರ್ಚಿ, ಸ್ಟೂಲಿನ ಗುಳಿ ಭಾರ ತೆಗೆದ ಮೇಲೆ ಬಹುಮಟ್ಟಿಗೆ ಮೇಲೇಳುತ್ತದೆ. ವರ್ಷಗಟ್ಟಲೆ ಒಂದೇ ಕಡೆ ನಿಂತ ಫ್ರಿಜ್ಜಿನ ಗುಳಿ ಹಾಗೆಯೇ ಉಳಿಯಬಹುದು. ಕಾಲುಗಳ ಕೆಳಗೆ ಅಗಲವಾದ ಗಟ್ಟಿ ತಟ್ಟೆ ಕೊಡಿ, ಜರುಗಿಸುವಾಗ ಪ್ಲೈವುಡ್ ಹಾಸಿ. ರಬ್ಬರ್‌ನಲ್ಲಿರುವ ರಾಸಾಯನಿಕ ವಾರ್ನಿಷ್‌ಗೆ ಇಳಿದು ಆದ ಕಲೆ ಒರೆಸಿದರೆ ಹೋಗದು. ಹತ್ತಿಯ ಇಲ್ಲವೇ ನೇಯ್ದ ಮ್ಯಾಟ್ ಬಳಸಿ, ಆಗಾಗ ಎತ್ತಿ ಒಣಗಿಸಿ.

ಪ್ರಶ್ನೆ: ಸ್ಟೀಮ್ ಮಾಪ್ ಬಳಸಬಹುದೇ?

ಉತ್ತರ: ಖಂಡಿತ ಬೇಡ. ಬಿಸಿ ಆವಿ ಸಂದಿಗೆ ನುಗ್ಗಿ ಲೇಪನವನ್ನೂ ಅಂಟನ್ನೂ ಬಿಡಿಸುತ್ತದೆ. ವಿನೆಗರ್, ಅಮೋನಿಯಾ, ಬ್ಲೀಚ್ ಕೂಡ ಬೇಡ. ಮೊದಲು ಮರಳು, ಧೂಳು ಗುಡಿಸಿ. ಲೇಪನವನ್ನು ಹೆಚ್ಚು ಗೀರುವುದು ಅವೇ. ಆಮೇಲೆ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿ. ಒರೆಸಿದ ತೇವ ಒಂದೆರಡು ನಿಮಿಷದಲ್ಲಿ ಆರದಿದ್ದರೆ ಬಟ್ಟೆ ಇನ್ನೂ ಹಿಂಡಬೇಕಿತ್ತು.