ಡಾಕ್ಟರನ್ನು ಈಗಲೇ ಕರೆಯಬೇಕಾ, ಇನ್ನೊಂದು ಗಂಟೆ ನೋಡಬಹುದಾ

ಮುಂದಿನ ತಿಂಗಳು ಇಂಗ್ಲೆಂಡಿನ ಒಂದು ಮೆಡಿಕಲ್ ವಾರ್ಡಿಗೆ ನರ್ಸ್ ಆಗಿ ಬರುತ್ತಿದ್ದೀರಿ. ಅಲ್ಲಿ ಯಾವುದು ಜಾಸ್ತಿ ಕಷ್ಟ ಅಂತ ಕೇಳಿದ್ದೀರಿ. ನಾನು ಬಂದು 7 ವರ್ಷವಾಯಿತು. ಚಳಿ, ಮನೆ ಹುಡುಕಾಟ, ಮಾತಿನ ಶೈಲಿ ಎಲ್ಲ ನಿಧಾನಕ್ಕೆ ಒಗ್ಗುತ್ತವೆ. ಕಷ್ಟ ಇರುವುದು ರಾತ್ರಿ 3 ಗಂಟೆಗೆ ಒಬ್ಬರ ಹಾಸಿಗೆ ಪಕ್ಕ ನಿಂತಾಗ. ಅಲ್ಲಿ ತೀರ್ಮಾನ ನಿಮ್ಮದೇ.

ಇಲ್ಲಿ 'ಆರ್ಡರ್ ಇತ್ತು, ಕೊಟ್ಟೆ' ಅಂದರೆ ಸಾಲದು. ನಾಡಿಯನ್ನು ನಿಧಾನ ಮಾಡುವ ಹೃದಯದ ಔಷಧಿ ಡಿಜಾಕ್ಸಿನ್ ಬರೆದಿದ್ದಾರೆ ಅಂದುಕೊಳ್ಳಿ. ಪೂರ್ತಿ ಒಂದು ನಿಮಿಷ ನಾಡಿ ಎಣಿಸಿದಿರಿ, 60ಕ್ಕಿಂತ ಕಡಿಮೆ ಬಂತು. ಮಾತ್ರೆ ತಡೆಯುವುದು, ಡಾಕ್ಟರಿಗೆ ತಿಳಿಸುವುದು, ಯಾಕೆ ತಡೆದೆ ಅಂತ ಬರೆಯುವುದು ನಿಮ್ಮ ಕೆಲಸ.

ರೋಗಿಯ ಸ್ಥಿತಿ ಕೆಡುತ್ತಿದೆಯಾ ಅಂತ ಅಂಕ ಹಾಕಿ ನೋಡಲು ಇಲ್ಲಿ 'ನ್ಯೂಸ್ 2' ಅನ್ನುವ ಚಾರ್ಟ್ ಇದೆ. ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2017ರಲ್ಲಿ ತಂದದ್ದು. ಉಸಿರು, ಆಕ್ಸಿಜನ್, ಬಿಪಿ, ನಾಡಿ, ಪ್ರಜ್ಞೆ, ಜ್ವರ, ಈ ಆರಕ್ಕೂ ಅಂಕ. ರೋಗಿಗೆ ಹೊರಗಿನಿಂದ ಆಕ್ಸಿಜನ್ ಕೊಡುತ್ತಿದ್ದರೆ ಇನ್ನೂ 2 ಸೇರುತ್ತದೆ. ಒಟ್ಟು 5 ಅಥವಾ 6 ಆದರೆ ತುರ್ತು, 7 ಅಥವಾ ಅದಕ್ಕಿಂತ ಹೆಚ್ಚಾದರೆ ಅದಕ್ಕೂ ಮೇಲಿನ ಹಂತ, ಎಮರ್ಜೆನ್ಸಿ. ಕೂಡಿಸುವುದು ಸುಲಭ. ಏನನ್ನು ನೋಡಿ ಅಂಕ ಹಾಕಿದಿರಿ ಅನ್ನುವುದರಲ್ಲೇ ಎಲ್ಲ ಇದೆ.

ಮೊದಲ ವರ್ಷ ಒಬ್ಬರು ವಯಸ್ಸಾದ ಅಮ್ಮ ನನ್ನ ಪಾಲಿಗಿದ್ದರು. ಉಸಿರು 22, ಅಂದರೆ 2 ಅಂಕ. ನಾಡಿ 98, 1 ಅಂಕ. ಬಿಪಿ, ಜ್ವರ, ಆಕ್ಸಿಜನ್ ಸರಿಯಾಗಿದ್ದವು. ಕಣ್ಣು ಬಿಟ್ಟು ನನ್ನ ಜೊತೆ ಮಾತಾಡಿದರು, ಹಾಗಾಗಿ ಪ್ರಜ್ಞೆಗೆ ಸೊನ್ನೆ ಹಾಕಿದೆ. ಒಟ್ಟು 3. ನಾಲ್ಕು ಗಂಟೆ ಬಿಟ್ಟು ಮತ್ತೆ ನೋಡಿದರಾಯಿತು ಅಂದುಕೊಂಡೆ. ಆಗ ಪಕ್ಕದಲ್ಲಿದ್ದ ಮಗಳು, 'ಸಿಸ್ಟರ್, ಅಮ್ಮ ಇವತ್ತು ಅಮ್ಮನ ಹಾಗಿಲ್ಲ. ನನ್ನನ್ನು ಅವರ ತಂಗಿ ಅಂದುಕೊಂಡಿದ್ದಾರೆ' ಅಂದರು. ವಯಸ್ಸಾಗಿದೆಯಲ್ಲ ಅಂತ ಮನಸ್ಸಿನಲ್ಲೇ ಸಮಾಧಾನ ಹೇಳಿಕೊಂಡೆ. ಹಿರಿಯ ನರ್ಸ್ ಒಬ್ಬರು ಇದನ್ನು ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: 'ನಿನ್ನೆ ಹೀಗಿದ್ದರಾ?' ಇರಲಿಲ್ಲ. ಹೊಸದಾಗಿ ಶುರುವಾದ ಗೊಂದಲಕ್ಕೆ ಆ ಚಾರ್ಟಿನಲ್ಲಿ 3 ಅಂಕ. ಒಟ್ಟು 6 ಆಯಿತು. ತಕ್ಷಣ ಡಾಕ್ಟರಿಗೆ ಹೇಳಬೇಕು, ಗಂಟೆಗೊಮ್ಮೆಯಾದರೂ ನೋಡಬೇಕು. ಎದೆಯಲ್ಲಿ ಸೋಂಕಾಗಿತ್ತು. ಔಷಧಿ ಬೇಗ ಶುರುವಾಯಿತು, ಅವರು ಚೇತರಿಸಿಕೊಂಡು ಮನೆಗೆ ಹೋದರು. ಅವತ್ತು ಆ ಮಗಳು ಅಲ್ಲಿರದಿದ್ದರೆ ಅನ್ನುವುದು ಈಗಲೂ ನನ್ನನ್ನು ಕಾಡುತ್ತದೆ.

ಅಂದಿನಿಂದ ಹ್ಯಾಂಡೋವರಿನಲ್ಲಿ, ಅಂದರೆ ಪಾಳಿ ಬದಲಾಗುವಾಗ ರೋಗಿಗಳನ್ನು ಒಪ್ಪಿಸಿಕೊಳ್ಳುವಾಗ, ತಪ್ಪದೆ ಕೇಳುತ್ತೇನೆ: ಇವರು ಮಾಮೂಲಾಗಿ ಹೇಗಿರುತ್ತಾರೆ? ಉಸಿರನ್ನು ಅಂದಾಜಿನಲ್ಲಿ ಬರೆಯುವುದಿಲ್ಲ, ಪೂರ್ತಿ ನಿಮಿಷ ಎಣಿಸುತ್ತೇನೆ. ಎಷ್ಟೋ ಸಲ ಮೊದಲು ಏರುವುದು ಉಸಿರೇ, ಎಲ್ಲರೂ ಸುಮ್ನೆ 16 ಅಂತ ಬರೆದು ಬಿಡುವುದೂ ಅದನ್ನೇ. ನಾಡಿಯನ್ನು ನಿಧಾನ ಮಾಡುವ ಬೀಟಾ ಬ್ಲಾಕರ್ ಔಷಧಿ ತಗೊಳ್ಳುವವರ ನಾಡಿ ಏರದೇ ಇರಬಹುದು. ಹಾಗಾಗಿ ಅಂಕ ಕಡಿಮೆ ಇದ್ದರೂ ಮನಸ್ಸಿಗೆ ಯಾಕೋ ಸರಿ ಅನ್ನಿಸದಿದ್ದರೆ ಕರೆಯಿರಿ. ಅಂಕ ನಿಮ್ಮ ತೀರ್ಮಾನಕ್ಕೆ ನೆರವು ಅಷ್ಟೇ, ಅದರ ಬದಲಿಗಲ್ಲ.

ಫೋನ್ ಮಾಡುವಾಗ ಸಂಕೋಚ ಬೇಡ. ಆದರೆ 'ಸ್ವಲ್ಪ ಹುಷಾರಿಲ್ಲ, ಬಂದು ನೋಡ್ತೀರಾ' ಅಂದರೆ ಆ ಕಡೆಯವರಿಗೆ ಏನೂ ತಿಳಿಯುವುದಿಲ್ಲ. ಎಸ್‌ಬಾರ್ ಅಂತ ಒಂದು ಕ್ರಮ ಇದೆ: ಈಗ ಏನಾಗಿದೆ, ಹಿನ್ನೆಲೆ ಏನು, ನಿಮಗೆ ಏನನ್ನಿಸುತ್ತದೆ, ಏನು ಬೇಕು. ನನಗೆ ಅಭ್ಯಾಸವಾಗಲು ತುಂಬಾ ದಿನ ಹಿಡಿದದ್ದು ಕೊನೆಯ ಎರಡು. 'ಇದು ಸೋಂಕು ಅನ್ನಿಸುತ್ತಿದೆ, 30 ನಿಮಿಷದೊಳಗೆ ಬಂದು ನೋಡಿ' ಅಂತ ಡಾಕ್ಟರಿಗೆ ಹೇಳುವುದು ಅಹಂಕಾರ ಅಂತ ನನಗೆ ಅನ್ನಿಸುತ್ತಿತ್ತು. ಇಲ್ಲಿ ಅದನ್ನು ನಿಮ್ಮಿಂದ ನಿರೀಕ್ಷೆ ಮಾಡುತ್ತಾರೆ. ಬರದಿದ್ದರೆ ಅವರ ಮೇಲಿನವರನ್ನು ಕರೆಯಿರಿ, ಕರೆದ ಸಮಯ ಬರೆದಿಡಿ. 2024ರಿಂದ ಮಾರ್ಥಾಸ್ ರೂಲ್ ಅಂತ ಬಂದಿದೆ. ಅದು ಜಾರಿಯಲ್ಲಿರುವ ಆಸ್ಪತ್ರೆಗಳಲ್ಲಿ ನೀವಷ್ಟೇ ಅಲ್ಲ, ಮನೆಯವರೂ ಬೇರೆ ತಂಡವನ್ನು ಕರೆಸಿ ನೋಡಿಸಬಹುದು.

ಮೊದಲ ದಿನವೇ ನಿಮ್ಮ ಆಸ್ಪತ್ರೆಯ ಕ್ರಿಟಿಕಲ್ ಕೇರ್ ಔಟ್‌ರೀಚ್ ತಂಡದ (ಸ್ಥಿತಿ ಕೆಡುತ್ತಿರುವ ರೋಗಿಯನ್ನು ವಾರ್ಡಿಗೇ ಬಂದು ನೋಡುವವರು) ನಂಬರ್ ಕೇಳಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ. ರಾತ್ರಿ ಅವರು ಇರುತ್ತಾರಾ ಅನ್ನುವುದನ್ನೂ ಆಗಲೇ ಕೇಳಿ.