ಬಾಯಿ ಒಣಗುತ್ತಿದೆ, ಸ್ಕ್ಯಾನ್ ಒಂದೇ ಸಾಕಾ?

ಪ್ರಶ್ನೆ: ನನಗೆ 46 ವರ್ಷ. ಒಂದು ವರ್ಷದಿಂದ ಬಾಯಿ ಒಣಗುತ್ತಿದೆ. ನೀರು ಕುಡಿಯದೆ ಒಂದು ತುತ್ತೂ ಗಂಟಲಲ್ಲಿ ಇಳಿಯುವುದಿಲ್ಲ. ಕಣ್ಣಿಗೆ ಮರಳು ಬಿದ್ದ ಹಾಗಿರುತ್ತದೆ. ಶೋಗ್ರೆನ್ ಕಾಯಿಲೆ, ಅಂದರೆ ದೇಹದ ರೋಗನಿರೋಧಕ ಶಕ್ತಿಯೇ ಜೊಲ್ಲು, ಕಣ್ಣೀರಿನ ಗ್ರಂಥಿಗಳನ್ನು ಹಾಳುಮಾಡುವ ಕಾಯಿಲೆ ಇರಬಹುದು ಅಂತಾರೆ ಡಾಕ್ಟರು. ಈ ಕಾಯಿಲೆ ಇರುವ ಹಲವರ ರಕ್ತದಲ್ಲಿ ಸಿಗುವ ಆಂಟಿ-ರೋ ಎಂಬ ಪ್ರತಿಕಾಯ ನನಗೆ ನೆಗೆಟಿವ್ ಬಂದಿದೆ. ಈಗ ತುಟಿಯ ಬಯಾಪ್ಸಿ ಮಾಡಿಸಿ ಅಂದಿದ್ದಾರೆ. ನನಗೆ ಭಯ. ಬದಲಿಗೆ ಅಲ್ಟ್ರಾಸೌಂಡ್ ಸಾಲದೇ?

ಉತ್ತರ: ಸ್ಕ್ಯಾನ್ ಖಂಡಿತ ಮಾಡಿಸಿ. ನೋವಿಲ್ಲ, ವಿಕಿರಣವಿಲ್ಲ, ಹೊಟ್ಟೆ ಖಾಲಿ ಇಟ್ಟುಕೊಂಡು ಹೋಗಬೇಕಾಗಿಲ್ಲ. ಆದರೆ ನಿಮ್ಮ ವಿಷಯದಲ್ಲಿ ಅದೊಂದೇ ಸಾಲದು. ಯಾಕೆ ಅಂತ ಹೇಳುತ್ತೇನೆ.

ಕಿವಿಯ ಮುಂದೆ ಎರಡು, ದವಡೆಯ ಕೆಳಗೆ ಎರಡು, ಹೀಗೆ 4 ಜೊಲ್ಲು ಗ್ರಂಥಿಗಳನ್ನು ನೋಡುತ್ತಾರೆ. ಚೆನ್ನಾಗಿರುವ ಗ್ರಂಥಿ ಒಂದೇ ಸಮನೆ ಬೆಳ್ಳಗೆ ಕಾಣುತ್ತದೆ. ಶೋಗ್ರೆನ್ ಇದ್ದವರಲ್ಲಿ ಒಳಗೆ ಕಪ್ಪು ಮಚ್ಚೆಗಳು. ಎಷ್ಟು ಹಾಳಾಗಿದೆ ಅಂತ 0ಯಿಂದ 3ರವರೆಗೆ ಅಂಕ ಕೊಡುವ ಪದ್ಧತಿ ಇದೆ. 2 ಅಥವಾ 3 ಬಂದರೆ ಅನುಮಾನ ಗಟ್ಟಿಯಾಗುತ್ತದೆ. 0 ಬಂದರೆ ಕಾಯಿಲೆ ಇಲ್ಲವೆಂದು ಮಾತ್ರ ತಿಳಿಯಬೇಡಿ. ಶುರುವಿನಲ್ಲಿ ಗ್ರಂಥಿ ಮಾಮೂಲಾಗಿಯೇ ಕಾಣಬಹುದು. ಸಾರ್ಕಾಯ್ಡೋಸಿಸ್‌ನಂಥ (ಅಂಗಗಳಲ್ಲಿ ಉರಿಯೂತದ ಪುಟ್ಟ ಗಂಟುಗಳು ಕಟ್ಟುವ) ಬೇರೆ ಕಾಯಿಲೆಯಲ್ಲೂ ಇಂಥ ಮಚ್ಚೆಗಳು ಕಾಣಬಹುದು.

ಈಗ ಲೆಕ್ಕ ನೋಡಿ. 2016ರ ಅಂತರರಾಷ್ಟ್ರೀಯ ಮಾನದಂಡದಲ್ಲಿ ಶೋಗ್ರೆನ್ ಎನ್ನಲು ಕನಿಷ್ಠ 4 ಅಂಕ ಬೇಕು. ಆಂಟಿ-ರೋ ಪಾಸಿಟಿವ್‌ಗೆ 3, ತುಟಿ ಬಯಾಪ್ಸಿಗೆ 3. ಕಣ್ಣೀರು ಅಳೆಯುವ ಕಾಗದದ ಪಟ್ಟಿ, ಕಣ್ಣಿಗೆ ಬಣ್ಣ ಹಾಕಿ ನೋಡುವ ಪರೀಕ್ಷೆ, ನಿಮಿಷಕ್ಕೆ ಎಷ್ಟು ಜೊಲ್ಲು ಬರುತ್ತದೆ ಎಂಬ ಅಳತೆ, ಇವಕ್ಕೆ ತಲಾ 1. ಸ್ಕ್ಯಾನ್‌ಗೆ ಇಲ್ಲಿ ಅಂಕವೇ ಇಲ್ಲ. ನಿಮಗೆ ಆಂಟಿ-ರೋ ಇಲ್ಲ. ಉಳಿದ ಮೂರೂ ಸೇರಿದರೂ 3 ಮಾತ್ರ, ಅಲ್ವಾ? ಈ ಲೆಕ್ಕ ಮಾಡಿದ್ದು ಸಂಶೋಧನೆಗಾಗಿ, ಆದರೂ ಡಾಕ್ಟರು ಯೋಚಿಸುವುದು ಇದೇ ದಾರಿಯಲ್ಲಿ. ಅದಕ್ಕೇ ಬಯಾಪ್ಸಿ ಕೇಳಿದ್ದಾರೆ. ಆಂಟಿ-ರೋ ಪಾಸಿಟಿವ್ ಇದ್ದಿದ್ದರೆ ನಾನೇ ಬೇಡ ಅನ್ನುತ್ತಿದ್ದೆನೇನೋ.

ಬಯಾಪ್ಸಿ ನೀವು ಅಂದುಕೊಂಡಷ್ಟು ದೊಡ್ಡದಲ್ಲ. ಕೆಳತುಟಿಯ ಒಳಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಸಣ್ಣ ಗಾಯ ಮಾಡಿ, ಕೆಲವು ಪುಟ್ಟ ಗ್ರಂಥಿಗಳನ್ನು ತೆಗೆಯುತ್ತಾರೆ. ಕೆಲವೇ ಜನರಿಗೆ ಅಲ್ಲಿ ಜೋಮು ಜಾಸ್ತಿ ದಿನ ಉಳಿಯುತ್ತದೆ. ಇದನ್ನು ಮುಚ್ಚಿಡಲಾರೆ.

ಅದಕ್ಕೂ ಮೊದಲು ನೀವು ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿಯನ್ನು ಡಾಕ್ಟರಿಗೆ ತೋರಿಸಿ. ಅಲರ್ಜಿ, ಖಿನ್ನತೆಯ ಮಾತ್ರೆಗಳೂ ಬಾಯಿ ಒಣಗಿಸುತ್ತವೆ.

ಕಾಯಿಲೆ ಖಚಿತವಾದರೆ ಸ್ಕ್ಯಾನ್ ಮುಂದೆಯೂ ಬೇಕಾಗುತ್ತದೆ. ಶೋಗ್ರೆನ್ ಇರುವ ಕೆಲವರಿಗೆ ಈ ಗ್ರಂಥಿಗಳಲ್ಲಿ ಲಿಂಫೋಮಾ ಎಂಬ ಕ್ಯಾನ್ಸರ್ ಬರಬಹುದು. ಕಿವಿಯ ಮುಂದೆ ಊತ ಬಂದು ಇಳಿಯದೇ ಹೋದರೆ, ಗಟ್ಟಿಯಾದರೆ, ಸುಮ್ನೆ ಕಾಯಬೇಡಿ. ಆ ವಾರವೇ ತೋರಿಸಿ.