ಮೆಲಾಕ್ಸಿಕಾಮ್ ಶುರು ಮಾಡಿದ ಮೇಲೆ ನಾಯಿಗೆ ವಾಂತಿ, ಕಪ್ಪು ಮಲ

ನಿಮ್ಮ ಲ್ಯಾಬ್ರಡಾರ್‌ಗೆ ತುರಿಕೆಗೆ ಪ್ರೆಡ್ನಿಸೊಲೋನ್ (ಒಂದು ಸ್ಟೀರಾಯ್ಡ್) ನಡೆಯುತ್ತಿರುವಾಗಲೇ ಕೀಲುನೋವಿಗೆ ಮೆಲಾಕ್ಸಿಕಾಮ್ (ನೋವಿನ ಔಷಧಿ) ಶುರುವಾಗಿ, ಈಗ ವಾಂತಿ, ಕಪ್ಪು ಮಲ ಆಗುತ್ತಿದೆ, ಏನು ಮಾಡಲಿ ಎಂದು ಕೇಳಿದ್ದೀರಿ. ಹೆಚ್ಚಾಗಿ ಇದು ಹೊಟ್ಟೆಯೊಳಗಿನ ರಕ್ತಸ್ರಾವ. ಈ ಎರಡು ಔಷಧಿಗಳನ್ನೂ ಒಟ್ಟಿಗೆ ಕೊಡಬಾರದು. ಹೊಟ್ಟೆಯ ಒಳಪದರ ಕಾಯುವ ರಸಗಳು ಎರಡರಿಂದಲೂ ಕಡಿಮೆಯಾಗಿ ಹುಣ್ಣಾಗುತ್ತದೆ.

ಮೊದಲು ಮೆಲಾಕ್ಸಿಕಾಮ್ ನಿಲ್ಲಿಸಿ. ಪ್ರೆಡ್ನಿಸೊಲೋನ್ ಮಾತ್ರ ನೀವಾಗಿಯೇ ನಿಲ್ಲಿಸಬೇಡಿ, ತುಂಬಾ ದಿನದಿಂದ ಕೊಡುತ್ತಿದ್ದರೆ ಒಮ್ಮೆಲೇ ಬಿಡುವುದೂ ಅಪಾಯ. ವೈದ್ಯರಿಗೆ ಈಗಲೇ ಫೋನ್ ಮಾಡಿ ಕೇಳಿ. ಎರಡೂ ಔಷಧಿ ಹಿಡಿದುಕೊಂಡು ಇವತ್ತೇ ನಾಯಿಯನ್ನು ತೋರಿಸಿ. ಒಸಡು ಬಿಳಚಿದ್ದರೆ, ನಿಲ್ಲಲು ಆಗದಿದ್ದರೆ, ರಾತ್ರಿಯಾದರೂ ಸರಿ, ಕಾಯಬೇಡಿ.

ಹಿಮೋಗ್ಲೋಬಿನ್, ಪ್ಲೇಟ್‌ಲೆಟ್, ಕ್ರಿಯಾಟಿನಿನ್ (ಕಿಡ್ನಿ ಪರೀಕ್ಷೆ), ಲಿವರ್ ಪರೀಕ್ಷೆ ಮಾಡಿಸಿ. ಉಣ್ಣಿ (ಮೈಗೆ ಅಂಟಿ ರಕ್ತ ಹೀರುವ ಹುಳ) ಕಚ್ಚಿ ಬರುವ ಜ್ವರದಲ್ಲೂ ಮಲ ಕಪ್ಪಾಗಬಹುದು, ಹಾಗಾಗಿ ಬರೀ ನೋಡಿ ಖಚಿತವಾಗಿ ಹೇಳಲಾಗದು. ನೋವು ನೋಡಲಾಗದೆ ಮನೆಯಲ್ಲಿರುವ ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ದಯವಿಟ್ಟು ಕೊಡಬೇಡಿ. ನೋವಿಗೆ ಬೇರೆ ಬಗೆಯ ಔಷಧಿ ಇದೆ, ಕೇಳಿ.

ಮುಂದೆ ಮೆಲಾಕ್ಸಿಕಾಮ್ ಮತ್ತೆ ಶುರು ಮಾಡುವುದಾದರೆ, ಸ್ಟೀರಾಯ್ಡ್ ನಿಂತ ಮೇಲೆ ಸಾಮಾನ್ಯವಾಗಿ 5ರಿಂದ 7 ದಿನ ಬಿಡುವು ಬೇಕು. ಮೆಲಾಕ್ಸಿಕಾಮ್ ರೂಢಿಯ ಪ್ರಮಾಣ ಮೊದಲ ದಿನ ಕಿಲೋಗೆ 0.2 ಮಿಲಿಗ್ರಾಂ, ಆಮೇಲೆ ದಿನಕ್ಕೊಮ್ಮೆ 0.1. ಅಂದರೆ 30 ಕಿಲೋ ನಾಯಿಗೆ ಎರಡನೇ ದಿನದಿಂದ ದಿನಕ್ಕೆ 3 ಮಿಲಿಗ್ರಾಂ. ಮನುಷ್ಯರ 7.5 ಅಥವಾ 15ರ ಇಡೀ ಮಾತ್ರೆ ಜಾಸ್ತಿಯಾಯಿತು. ಊಟದ ಜೊತೆಗೇ ಕೊಡಿ. ನಾಯಿ ಊಟ ಬಿಟ್ಟ ದಿನ ಮಾತ್ರೆಯೂ ಬೇಡ, ವೈದ್ಯರಿಗೆ ತಿಳಿಸಿ.